ಒಕ್ಕೂಟ ಬಿಟ್ಟುಹೋಗುವ ದೇಶ ವ್ಯಾಪಾರ ಸಂಧಾನ ನಡೆಸಬಹುದೇ? ಬ್ರೆಕ್ಸಿಟ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಐರೋಪ್ಯ ಒಕ್ಕೂಟವನ್ನು ತೊರೆಯಬೇಕೆಂದು ಬ್ರಿಟನ್ನಿನ ಮತದಾರರು 2016ರ ಜೂನ್ 23ರಂದು ಶೇ 51.9ರಷ್ಟು ಮತಗಳಿಂದ ತೀರ್ಪಿತ್ತರು. ಬ್ರಿಟನ್ ಸದಸ್ಯತ್ವ ಕೊನೆಗೊಂಡದ್ದು 2020ರ ಜನವರಿ 31ರಂದು, ಒಕ್ಕೂಟದ ಕಾನೂನುಗಳು ಅದಕ್ಕೆ ಅನ್ವಯಿಸುವುದು ನಿಂತದ್ದು ಅದೇ ವರ್ಷದ ಡಿಸೆಂಬರ್ 31ರಂದು. ನಡುವಿನ ನಾಲ್ಕೂವರೆ ವರ್ಷಗಳಲ್ಲಿ ಬ್ರಿಟನ್ ಹೊರಗಿನ ದೇಶಗಳೊಂದಿಗೆ ಏನನ್ನು ಮಾತನಾಡಬಹುದಿತ್ತು, ಯಾವುದಕ್ಕೆ ಸಹಿ ಹಾಕಬಹುದಿತ್ತು, ಯಾವುದನ್ನು ಜಾರಿಗೆ ತರುವಂತಿರಲಿಲ್ಲ ಎಂಬ ಪ್ರಶ್ನೆಗಳು ಅಂತರರಾಷ್ಟ್ರೀಯ ಕಾನೂನು ಓದುವವರಿಗೂ ಆ ದೇಶಕ್ಕೆ ಸರಕು ಕಳುಹಿಸುವವರಿಗೂ ಇಂದಿಗೂ ಎದುರಾಗುತ್ತವೆ.

ಸದಸ್ಯ ರಾಷ್ಟ್ರವೊಂದು ತನ್ನದೇ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವಂತಿಲ್ಲ ಏಕೆ?

ಐರೋಪ್ಯ ಒಕ್ಕೂಟದ ಕಾರ್ಯವಿಧಾನದ ಒಡಂಬಡಿಕೆಯ 3ನೇ ವಿಧಿಯು ಕಸ್ಟಮ್ಸ್ ಒಕ್ಕೂಟವನ್ನೂ ಸಮಾನ ವಾಣಿಜ್ಯ ನೀತಿಯನ್ನೂ ಒಕ್ಕೂಟಕ್ಕೆ ಮಾತ್ರ ಸೇರಿದ ಅಧಿಕಾರಗಳ ಪಟ್ಟಿಯಲ್ಲಿ ಇಟ್ಟಿದೆ. ಅಂಥ ಕ್ಷೇತ್ರಗಳಲ್ಲಿ ಒಕ್ಕೂಟವೇ ಅನುಮತಿ ಕೊಟ್ಟ ಹೊರತು ಸದಸ್ಯ ರಾಷ್ಟ್ರಗಳು ಕಾನೂನು ಮಾಡುವಂತಿಲ್ಲ ಎಂದು 2ನೇ ವಿಧಿ ಹೇಳುತ್ತದೆ. ಸುಂಕದ ದರ, ಸೇವೆಗಳ ವ್ಯಾಪಾರ, ಬೌದ್ಧಿಕ ಆಸ್ತಿಯ ವಾಣಿಜ್ಯ ಮುಖ, ವಿದೇಶಿ ನೇರ ಹೂಡಿಕೆ ಇವೆಲ್ಲ ಸಮಾನ ವಾಣಿಜ್ಯ ನೀತಿಯೊಳಗೆ ಬರುತ್ತವೆ ಎಂಬುದು 207ನೇ ವಿಧಿಯಲ್ಲಿದೆ. ಇದು ಹೊಸ ಮಾತಲ್ಲ. 1975ರಲ್ಲೇ ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯವು ತನ್ನ ಅಭಿಪ್ರಾಯವೊಂದರಲ್ಲಿ, ಈ ವಿಷಯದಲ್ಲಿ ಸದಸ್ಯ ರಾಷ್ಟ್ರಗಳಿಗೂ ಸಮಾನಾಂತರ ಅಧಿಕಾರವಿದೆಯೆಂದು ಒಪ್ಪಿದರೆ ಒಕ್ಕೂಟದ ಸಾಮೂಹಿಕ ಹಿತವೇ ಕದಡುತ್ತದೆ ಎಂದು ಸ್ಪಷ್ಟಪಡಿಸಿತ್ತು.

ಕಾರಣವನ್ನು ಒಂದು ಅಂಗಿಯ ಉದಾಹರಣೆಯಿಂದ ನೋಡಬಹುದು. ಬ್ರಿಟನ್ ಸದಸ್ಯನಾಗಿದ್ದಾಗ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿದ ಹತ್ತಿಯ ಅಂಗಿಯೊಂದು ಬ್ರಿಟನ್ನಿನ ಫೆಲಿಕ್ಸ್‌ಸ್ಟೋ ಬಂದರಿನಲ್ಲಿ ಇಳಿದರೂ ಜರ್ಮನಿಯ ಹ್ಯಾಂಬರ್ಗಿನಲ್ಲಿ ಇಳಿದರೂ ಅದರ ಮೇಲಿನ ಸಾಮಾನ್ಯ ಸುಂಕ ಶೇ 12 ಆಗಿತ್ತು, ಒಮ್ಮೆ ಒಳಬಂದ ಸರಕಿಗೆ ಒಳಗಡಿಗಳಲ್ಲಿ ಮತ್ತೆ ಸುಂಕವಿರಲಿಲ್ಲ. ಬ್ರಿಟನ್ ಒಂದೇ ಭಾರತದೊಂದಿಗೆ ಮಾತಾಡಿಕೊಂಡು ಆ ಸುಂಕವನ್ನು ಸೊನ್ನೆಗೆ ಇಳಿಸಿದ್ದರೆ, ಜರ್ಮನಿಗೆ ಹೋಗಬೇಕಾದ ಅಂಗಿಯೂ ಫೆಲಿಕ್ಸ್‌ಸ್ಟೋ ದಾರಿ ಹಿಡಿಯುತ್ತಿತ್ತು. ಆಮೇಲೆ ಉಳಿದ 27 ದೇಶಗಳ ಸುಂಕಕ್ಕೆ ಅರ್ಥವೇ ಇರುತ್ತಿರಲಿಲ್ಲ. ಈ ನಿರ್ಬಂಧವನ್ನು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ವಿಧಿಸಿದ ಶಿಕ್ಷೆ ಎಂಬಂತೆ ಬಣ್ಣಿಸುವ ಬರಹಗಳು ಈ ಮೂಲ ಸಂಗತಿಯನ್ನೇ ಬಿಟ್ಟುಬಿಡುತ್ತವೆ. ಎಲ್ಲರಿಗೂ ಒಂದೇ ಹೊರಸುಂಕ ಎಂದು ಒಪ್ಪಿಕೊಂಡ ಕ್ಷಣದಲ್ಲೇ ಒಬ್ಬೊಬ್ಬರ ಪ್ರತ್ಯೇಕ ಸಂಧಾನದ ಅಧಿಕಾರ ಹೋಗಿಬಿಡುತ್ತದೆ.

ಹಾಗಾದರೆ ಬ್ರಿಟನ್ನಿನ ಸ್ಥಿತಿ ನಮ್ಮ ಒಂದು ರಾಜ್ಯದಂತೆಯೇ ಇತ್ತೇ?

ಇಲ್ಲ. ಭಾರತದ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ವಿದೇಶಗಳೊಂದಿಗಿನ ಒಪ್ಪಂದಗಳು 14ನೇ ನಮೂದಾಗಿವೆ. ಕರ್ನಾಟಕಕ್ಕೆ ಅಂತರರಾಷ್ಟ್ರೀಯ ಕಾನೂನಿನ ದೃಷ್ಟಿಯಲ್ಲಿ ಒಪ್ಪಂದ ಮಾಡಿಕೊಳ್ಳುವ ವ್ಯಕ್ತಿತ್ವವೇ ಇಲ್ಲ. ಬ್ರಿಟನ್ ಆ ವ್ಯಕ್ತಿತ್ವವನ್ನು ಎಂದೂ ಕಳೆದುಕೊಂಡಿರಲಿಲ್ಲ. ಅದು ವಿಶ್ವ ವ್ಯಾಪಾರ ಸಂಸ್ಥೆಯ ಪ್ರತ್ಯೇಕ ಸದಸ್ಯನಾಗಿತ್ತು, ರಕ್ಷಣೆ, ಗಡೀಪಾರು, ದ್ವಿತೆರಿಗೆ ತಪ್ಪಿಸುವಿಕೆ ಮುಂತಾದ ವಿಷಯಗಳಲ್ಲಿ ತಾನೇ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಒಕ್ಕೂಟಕ್ಕೆ ಒಪ್ಪಿಸಿದ ಕ್ಷೇತ್ರಗಳಲ್ಲಿ ಮಾತ್ರ ಆ ಅಧಿಕಾರವನ್ನು ಬಳಸುವುದಿಲ್ಲವೆಂದು ತಾನೇ ಮಾತು ಕೊಟ್ಟಿತ್ತು. ಮುಂದೆ ಬರುವ ಅನೇಕ ಉತ್ತರಗಳು ಈ ವ್ಯತ್ಯಾಸದ ಮೇಲೆ ನಿಂತಿವೆ.

ಹೊರಹೋಗುತ್ತೇನೆಂದು ನೋಟಿಸ್ ಕೊಟ್ಟ ಮೇಲೂ ನಿರ್ಬಂಧ ಉಳಿಯುತ್ತದೆಯೇ?

ಪೂರ್ತಿಯಾಗಿ ಉಳಿಯುತ್ತದೆ. ಒಕ್ಕೂಟದ ಮೂಲ ಒಡಂಬಡಿಕೆಯ 50ನೇ ವಿಧಿಯಡಿ ಬ್ರಿಟನ್ 2017ರ ಮಾರ್ಚ್ 29ರಂದು ನೋಟಿಸ್ ನೀಡಿತು. ಆ ವಿಧಿಯ ಪ್ರಕಾರ ನಿರ್ಗಮನ ಒಪ್ಪಂದ ಜಾರಿಗೆ ಬಂದ ದಿನ, ಒಪ್ಪಂದವಾಗದಿದ್ದರೆ ನೋಟಿಸ್ ಕೊಟ್ಟ ಎರಡು ವರ್ಷಗಳ ನಂತರ, ಅಥವಾ ಎಲ್ಲರೂ ಒಮ್ಮತದಿಂದ ವಿಸ್ತರಿಸಿದ ಅವಧಿ ಮುಗಿದಾಗ ಒಡಂಬಡಿಕೆಗಳ ಅನ್ವಯ ನಿಲ್ಲುತ್ತದೆ. ಅಲ್ಲಿಯವರೆಗೆ ಅರ್ಧ ಸದಸ್ಯತ್ವ ಎಂಬ ಸ್ಥಿತಿ ಕಾನೂನಿನಲ್ಲಿಲ್ಲ. ನೋಟಿಸನ್ನು ಬ್ರಿಟನ್ ಏಕಪಕ್ಷೀಯವಾಗಿ ಹಿಂಪಡೆಯಬಹುದು ಎಂದು ಲಕ್ಸೆಂಬರ್ಗಿನ ನ್ಯಾಯಾಲಯವು 2018ರ ಡಿಸೆಂಬರ್ 10ರಂದು ವೈಟ್‌ಮನ್ ಪ್ರಕರಣದಲ್ಲಿ ತೀರ್ಪು ನೀಡಿದ್ದು ಈ ತರ್ಕವನ್ನು ಇನ್ನಷ್ಟು ಗಟ್ಟಿಗೊಳಿಸಿತು. ನಾಳೆ ಮನಸ್ಸು ಬದಲಿಸಿ ಒಳಗೇ ಉಳಿಯಬಹುದಾದ ದೇಶವನ್ನು ಇಂದೇ ಹೊರಗಿನದೆಂದು ಎಣಿಸಲು ಬರುವುದಿಲ್ಲ. ಅವಧಿ ಮೂರು ಬಾರಿ ವಿಸ್ತರಣೆಯಾಯಿತು, ಪ್ರತಿ ವಿಸ್ತರಣೆಯೊಂದಿಗೆ ನಿರ್ಬಂಧವೂ ಮುಂದುವರಿಯಿತು.

ಸಹಿ ಹಾಕದೆ ಕೇವಲ ಮಾತುಕತೆ ನಡೆಸಲು ಅಡ್ಡಿಯಿತ್ತೇ?

ಇಡೀ ವಿವಾದದಲ್ಲಿ ಅತ್ಯಂತ ಕಠಿಣವಾದ ಪ್ರಶ್ನೆ ಇದೇ. ಸದಸ್ಯನಾಗಿರುವಾಗ ಸಹಿ ಹಾಕಿ ಜಾರಿಗೆ ತರುವುದು ನಿಷಿದ್ಧ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಮಾತುಕತೆ ಎಲ್ಲಿ ಮುಗಿದು ಸಂಧಾನ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಯಾವ ವಿಧಿಯೂ ಹೇಳುವುದಿಲ್ಲ.

ನ್ಯಾಯಾಲಯದ ಹಳೆಯ ತೀರ್ಪುಗಳು ಕಟ್ಟುನಿಟ್ಟಿನ ಕಡೆಗೇ ವಾಲುತ್ತವೆ. ಮೂಲ ಒಡಂಬಡಿಕೆಯ 4ನೇ ವಿಧಿಯ 3ನೇ ಉಪವಿಧಿಯು ಒಕ್ಕೂಟದ ಗುರಿಗಳಿಗೆ ಧಕ್ಕೆ ತರುವ ಯಾವ ಕ್ರಮವನ್ನೂ ಸದಸ್ಯ ರಾಷ್ಟ್ರಗಳು ಕೈಗೊಳ್ಳಬಾರದು ಎಂದು ವಿಧಿಸುತ್ತದೆ. ಇದನ್ನೇ ಪ್ರಾಮಾಣಿಕ ಸಹಕಾರದ ಕರ್ತವ್ಯ ಎನ್ನುತ್ತಾರೆ. ಈ ಕರ್ತವ್ಯ ಎಷ್ಟು ದೂರ ಚಾಚುತ್ತದೆ ಎಂಬುದಕ್ಕೆ 2009ರ ಗ್ರೀಸ್ ಪ್ರಕರಣವನ್ನು ಓದಬೇಕು. ಹಡಗುಗಳೂ ಬಂದರುಗಳೂ ಭದ್ರತಾ ನಿಯಮಗಳನ್ನು ಪಾಲಿಸುತ್ತಿವೆಯೇ ಎಂದು ಗಮನಿಸುವ ಬಗ್ಗೆ ಗ್ರೀಸ್ ಅಂತರರಾಷ್ಟ್ರೀಯ ಕಡಲ ಸಂಸ್ಥೆಗೆ ಒಂದು ಪ್ರಸ್ತಾವ ಸಲ್ಲಿಸಿತ್ತು. ಅದು ಒಪ್ಪಂದವಾಗಿರಲಿಲ್ಲ, ಕರಡೂ ಆಗಿರಲಿಲ್ಲ. ಆದರೂ ಆ ವಿಷಯ ಒಕ್ಕೂಟದ ಅಧಿಕಾರಕ್ಕೆ ಮಾತ್ರ ಸೇರಿದ್ದರಿಂದ, ಹೊಸ ನಿಯಮಗಳಿಗೆ ದಾರಿಮಾಡಬಹುದಾದ ಪ್ರಕ್ರಿಯೆಯೊಂದನ್ನು ಒಂಟಿಯಾಗಿ ಆರಂಭಿಸಿದ್ದೇ ಉಲ್ಲಂಘನೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗವೇ ಈ ವಿಷಯವನ್ನು ಚರ್ಚೆಗೆ ತರಲು ಒಪ್ಪಲಿಲ್ಲವೆಂಬ ಗ್ರೀಸಿನ ದೂರೂ ನಿಲ್ಲಲಿಲ್ಲ. ಆಯೋಗ ತನ್ನ ಕರ್ತವ್ಯದಲ್ಲಿ ತಪ್ಪಿದ್ದರೂ ಅದು ಸದಸ್ಯ ರಾಷ್ಟ್ರದ ಏಕಪಕ್ಷೀಯ ನಡೆಗೆ ಸಮರ್ಥನೆಯಾಗದು ಎಂದಾಯಿತು. ಮರುವರ್ಷ ಸ್ವೀಡನ್ ಪ್ರಕರಣದಲ್ಲಿ, ಅಧಿಕಾರ ಇಬ್ಬರಿಗೂ ಹಂಚಿಹೋಗಿದ್ದ ಪರಿಸರ ಕ್ಷೇತ್ರದಲ್ಲೂ, ಪರಿಸರದಲ್ಲಿ ನಾಶವಾಗದೆ ಉಳಿಯುವ ವಿಷಕಾರಿ ರಾಸಾಯನಿಕಗಳನ್ನು ನಿಯಂತ್ರಿಸುವ ಸ್ಟಾಕ್‌ಹೋಮ್ ಒಡಂಬಡಿಕೆಗೆ ರಾಸಾಯನಿಕವೊಂದನ್ನು ಸೇರಿಸುವಂತೆ ಆ ದೇಶ ಒಂಟಿಯಾಗಿ ಪ್ರಸ್ತಾವ ಸಲ್ಲಿಸಿದ್ದು ತಪ್ಪೆಂದು ತೀರ್ಪಾಯಿತು.

ಈ ಅಳತೆಗೋಲನ್ನು ನೇರವಾಗಿ ಇಟ್ಟರೆ, ಸದಸ್ಯನಾಗಿರುವಾಗ ಸುಂಕದ ಪಟ್ಟಿ ವಿನಿಮಯ ಮಾಡಿಕೊಳ್ಳುವುದೂ ಕರಡು ಬರೆಯುವುದೂ ನಿಷಿದ್ಧವೇ ಆಗುತ್ತದೆ. ಇದಕ್ಕೆ ಎದುರಾದ ವಾದವೂ ಹಗುರವಾದುದಲ್ಲ. ಗ್ರೀಸ್, ಸ್ವೀಡನ್ ಎರಡೂ ಒಳಗೇ ಉಳಿಯುವ ದೇಶಗಳಾಗಿದ್ದವು. 50ನೇ ವಿಧಿಯು ಹೊರಹೋಗುವ ಹಕ್ಕನ್ನೇ ಕೊಟ್ಟಿರುವಾಗ, ಹೊರಹೋದ ಮರುದಿನದ ಬದುಕಿಗೆ ಸಿದ್ಧತೆ ಮಾಡಿಕೊಳ್ಳುವ ಅವಕಾಶವೂ ಆ ಹಕ್ಕಿನೊಳಗೇ ಇರಬೇಕು, ಇಲ್ಲದಿದ್ದರೆ ಹಕ್ಕು ಹೆಸರಿಗಷ್ಟೇ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡನೆಯ ವಾದವೇ ಹೆಚ್ಚು ಬಲವಾದದ್ದು, ಆದರೆ ಅದು ಸಿದ್ಧತೆಯವರೆಗೆ ಮಾತ್ರ ಹೋಗುತ್ತದೆ. ಬ್ರಿಟನ್ ಆಗಿನ್ನೂ ಒಕ್ಕೂಟದ ಮಂತ್ರಿಮಂಡಳಿಯಲ್ಲಿ ಕುಳಿತಿತ್ತು. ನಿರ್ಗಮನದ ಚರ್ಚೆಗಳಿಂದ ಮಾತ್ರ 50ನೇ ವಿಧಿ ಅದನ್ನು ಹೊರಗಿಟ್ಟಿತ್ತು. ಬೇರೆ ದೇಶಗಳೊಂದಿಗೆ ಒಕ್ಕೂಟ ನಡೆಸುತ್ತಿದ್ದ ವ್ಯಾಪಾರ ಸಂಧಾನಗಳ ಗೋಪ್ಯ ಕಾಗದಗಳು ಅದರ ಕೈಗೂ ಬರುತ್ತಿದ್ದವು. ಅದೇ ದೇಶಗಳೊಂದಿಗೆ ಪಕ್ಕದ ಕೋಣೆಯಲ್ಲಿ ಪ್ರತ್ಯೇಕ ಸಂಧಾನ ನಡೆಸಿದ್ದರೆ ಪ್ರಾಮಾಣಿಕ ಸಹಕಾರಕ್ಕೆ ಏನು ಬೆಲೆ ಉಳಿಯುತ್ತಿತ್ತು?

ವಾಸ್ತವದಲ್ಲಿ ಪ್ರಶ್ನೆ ನ್ಯಾಯಾಲಯದವರೆಗೆ ಹೋಗಲಿಲ್ಲ. 2016ರ ಜುಲೈನಲ್ಲಿ ಲಿಯಾಮ್ ಫಾಕ್ಸ್ ನೇತೃತ್ವದಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಇಲಾಖೆಯನ್ನು ತೆರೆದ ಬ್ರಿಟನ್, ಆಸ್ಟ್ರೇಲಿಯಾ ಮತ್ತಿತರ ದೇಶಗಳೊಂದಿಗೆ ಕಾರ್ಯತಂಡಗಳನ್ನು ರಚಿಸಿ, ಅವುಗಳಲ್ಲಿ ನಡೆಯುವುದು ಚರ್ಚೆಯೇ ಹೊರತು ಸಂಧಾನವಲ್ಲ ಎಂಬ ನಿಲುವು ತಳೆಯಿತು. ಆ ಗಡಿ ದಾಟಿದ್ದಾರೆಂದು ಹೇಳಿ ಆಯೋಗವೂ ಮೊಕದ್ದಮೆ ಹೂಡಲಿಲ್ಲ.

ಥೆರೇಸಾ ಮೇ ಬೆಂಗಳೂರಿಗೆ ಬಂದಾಗ ಏನನ್ನು ಒಪ್ಪಿಕೊಳ್ಳಬಹುದಿತ್ತು?

ಆಗಿನ ಬ್ರಿಟಿಷ್ ಪ್ರಧಾನಿ ಥೆರೇಸಾ ಮೇ 2016ರ ನವೆಂಬರ್‌ನಲ್ಲಿ ದೆಹಲಿಗೆ ಬಂದು, 8ರಂದು ಬೆಂಗಳೂರಿನ ಹಲಸೂರು ಸೋಮೇಶ್ವರ ದೇವಸ್ಥಾನಕ್ಕೂ ಭೇಟಿ ಕೊಟ್ಟಿದ್ದರು. ಮುಕ್ತ ವ್ಯಾಪಾರ ಒಪ್ಪಂದದ ಸಂಧಾನವನ್ನು ಅವರು ಆಗ ಆರಂಭಿಸುವಂತಿರಲಿಲ್ಲ. ಆದ್ದರಿಂದಲೇ ಆ ಭೇಟಿಯಿಂದ ಹೊರಬಂದದ್ದು ಜಂಟಿ ಕಾರ್ಯತಂಡವೇ ಹೊರತು ಒಪ್ಪಂದವಲ್ಲ.

ಆದರೆ ಭಾರತ ಅಂದು ಒತ್ತಿ ಕೇಳಿದ್ದು ವೀಸಾಗಳ ಬಗ್ಗೆ, ಅದರಲ್ಲೂ ವಿದ್ಯಾರ್ಥಿಗಳು ಮತ್ತು ನುರಿತ ಉದ್ಯೋಗಿಗಳ ವೀಸಾಗಳ ಬಗ್ಗೆ. ಬ್ರಿಟನ್, ಒಳಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆಯಿಲ್ಲದ ಷೆಂಗೆನ್ ವ್ಯವಸ್ಥೆಯ ಹೊರಗಿದ್ದು, ಒಕ್ಕೂಟದ ಆಚೆಯಿಂದ ಬರುವವರ ವಲಸೆ ನಿಯಮಗಳನ್ನು ತಾನೇ ನಿರ್ಧರಿಸುತ್ತಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರಿಗೆ ಎಷ್ಟು ವರ್ಷಗಳ ವೀಸಾ ಕೊಡಬೇಕೆಂಬುದನ್ನು ಲಂಡನ್ ಅಂದೇ ತೀರ್ಮಾನಿಸಬಹುದಿತ್ತು, ಅದಕ್ಕೆ ಬ್ರಸೆಲ್ಸ್ ಅಡ್ಡಬರುತ್ತಿರಲಿಲ್ಲ. ಬ್ರೆಕ್ಸಿಟ್ ಮುಗಿದ ಮೇಲೆ ನೋಡೋಣ ಎಂಬ ಉತ್ತರ ಸುಂಕದ ವಿಷಯದಲ್ಲಿ ಕಾನೂನಿನ ಮಾತಾಗಿತ್ತು, ವೀಸಾ ವಿಷಯದಲ್ಲಿ ಬರೀ ರಾಜಕೀಯದ ಮಾತಾಗಿತ್ತು. ಎರಡನ್ನೂ ಬೇರ್ಪಡಿಸಿ ನೋಡದ ವರದಿಗಳು ಇಲ್ಲಿನ ಓದುಗರನ್ನು ಬಹಳ ಕಾಲ ದಾರಿ ತಪ್ಪಿಸಿದವು.

ಒಕ್ಕೂಟದೊಂದಿಗಿನ ಭವಿಷ್ಯದ ವ್ಯಾಪಾರ ಒಪ್ಪಂದವನ್ನಾದರೂ ಮೊದಲೇ ಮುಗಿಸಬಹುದಿತ್ತೇ?

ಮುಗಿಸುವಂತಿರಲಿಲ್ಲ. ಭವಿಷ್ಯದ ಸಂಬಂಧದ ಚೌಕಟ್ಟನ್ನು ಗಮನದಲ್ಲಿಟ್ಟುಕೊಂಡು ನಿರ್ಗಮನ ಒಪ್ಪಂದ ಮಾಡಬೇಕೆಂದಷ್ಟೇ 50ನೇ ವಿಧಿ ಹೇಳುತ್ತದೆ. ಒಕ್ಕೂಟದ ನಾಯಕರು 2017ರ ಏಪ್ರಿಲ್ 29ರಂದು ಹೊರಡಿಸಿದ ಮಾರ್ಗಸೂಚಿಗಳು, ಬ್ರಿಟನ್ ಮೂರನೇ ದೇಶವಾದ, ಅಂದರೆ ಒಕ್ಕೂಟದ ಸದಸ್ಯನಲ್ಲದ ದೇಶವಾದ ಮೇಲಷ್ಟೇ ಆ ಒಪ್ಪಂದ ಅಂತಿಮಗೊಳ್ಳಬಲ್ಲದು ಎಂದವು. ಒಕ್ಕೂಟವು ಹೊರದೇಶಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವ ವಿಧಾನ ಕಾರ್ಯವಿಧಾನದ ಒಡಂಬಡಿಕೆಯ 218ನೇ ವಿಧಿಯಲ್ಲಿದ್ದು, ಒಳಗಿನ ಸದಸ್ಯನಿಗೆ ಅದು ಅನ್ವಯಿಸುವುದಿಲ್ಲ ಎಂಬ ಆಧಾರ ಇದಕ್ಕಿತ್ತು. ಆದರೆ ನಾಗರಿಕರ ಹಕ್ಕು, ಹಣಕಾಸಿನ ಬಾಕಿ, ಐರ್ಲೆಂಡಿನ ಗಡಿ ಈ ಮೂರರಲ್ಲಿ ಸಾಕಷ್ಟು ಪ್ರಗತಿಯಾಗುವ ತನಕ ಭವಿಷ್ಯದ ಮಾತನ್ನೇ ಎತ್ತುವುದಿಲ್ಲ ಎಂಬ ಪಟ್ಟು ಕಾನೂನಿನಿಂದ ಬಂದದ್ದಲ್ಲ, ಅದು ಸಂಧಾನ ತಂತ್ರ. ಕೊನೆಗೆ ವ್ಯಾಪಾರ ಮತ್ತು ಸಹಕಾರ ಒಪ್ಪಂದಕ್ಕೆ 2020ರ ಡಿಸೆಂಬರ್ 24ರಂದು ಒಮ್ಮತ ಮೂಡಿ, 30ರಂದು ಸಹಿ ಬಿದ್ದು, 2021ರ ಜನವರಿ 1ರಿಂದ ತಾತ್ಕಾಲಿಕವಾಗಿಯೂ ಮೇ 1ರಿಂದ ಪೂರ್ಣವಾಗಿಯೂ ಅದು ಜಾರಿಗೆ ಬಂತು.

ಪರಿವರ್ತನಾ ಅವಧಿಯಲ್ಲಿ ನಿಯಮ ಹೇಗೆ ಬದಲಾಯಿತು?

2020ರ ಜನವರಿ 31ರಿಂದ ಡಿಸೆಂಬರ್ 31ರವರೆಗೆ ಬ್ರಿಟನ್ ಸದಸ್ಯನಾಗಿರಲಿಲ್ಲ, ಆದರೆ ನಿರ್ಗಮನ ಒಪ್ಪಂದದ 127ನೇ ವಿಧಿಯ ಪ್ರಕಾರ ಒಕ್ಕೂಟದ ಕಾನೂನು ಅದಕ್ಕೆ ಅನ್ವಯಿಸುತ್ತಲೇ ಇತ್ತು. ಹೊರದೇಶಗಳೊಂದಿಗಿನ ಸಂಧಾನಕ್ಕೆ 129ನೇ ವಿಧಿಯ 4ನೇ ಉಪವಿಧಿ ಮುಖ್ಯವಾದದ್ದು. ಒಕ್ಕೂಟಕ್ಕೆ ಮಾತ್ರ ಸೇರಿದ ಅಧಿಕಾರ ಕ್ಷೇತ್ರಗಳಲ್ಲೂ ಬ್ರಿಟನ್ ತನ್ನ ಹೆಸರಿನಲ್ಲಿ ಒಪ್ಪಂದಗಳ ಸಂಧಾನ ನಡೆಸಬಹುದು, ಸಹಿ ಹಾಕಬಹುದು, ಅಂತಿಮ ಒಪ್ಪಿಗೆ ಕೊಟ್ಟು ಸ್ಥಿರೀಕರಿಸಬಹುದು. ಒಕ್ಕೂಟದ ಅನುಮತಿಯಿಲ್ಲದೆ ಅವು ಪರಿವರ್ತನಾ ಅವಧಿಯೊಳಗೆ ಜಾರಿಗೆ ಬರಬಾರದು ಅಥವಾ ಅನ್ವಯವಾಗಬಾರದು.

ಈ ವಾಕ್ಯದ ಹಿಂದೆ ಒಂದು ಹಗ್ಗಜಗ್ಗಾಟ ನಡೆದಿತ್ತು. 2018ರ ಜನವರಿ 29ರ ಒಕ್ಕೂಟದ ಸಂಧಾನ ನಿರ್ದೇಶನಗಳಲ್ಲಿ, ಅನುಮತಿಯಿಲ್ಲದೆ ಬ್ರಿಟನ್ ಯಾವ ಒಪ್ಪಂದಕ್ಕೂ ಬದ್ಧವಾಗುವಂತಿಲ್ಲ ಎಂದಿತ್ತು. ಅದನ್ನು ಹಾಗೆಯೇ ಇಟ್ಟಿದ್ದರೆ ಸ್ಥಿರೀಕರಣಕ್ಕೂ ಅಡ್ಡಿಯಾಗಿ, ಪರಿವರ್ತನಾ ಅವಧಿ ಮುಗಿದ ದಿನ ಬ್ರಿಟನ್ ಬರಿಗೈಯಲ್ಲಿ ನಿಲ್ಲಬೇಕಾಗುತ್ತಿತ್ತು. ಮಾರ್ಚ್ 19ರ ಕರಡಿನಲ್ಲಿ ನಿರ್ಬಂಧವು ಜಾರಿಗೊಳಿಸುವಿಕೆಗೆ ಮಾತ್ರ ಸೀಮಿತವಾಯಿತು. ಸದಸ್ಯನಾಗಿದ್ದಾಗಿನ ಮಂಜು ಮುಸುಕಿದ ಗಡಿಗೆ ಬದಲಾಗಿ, ಯಾರು ಓದಿದರೂ ಒಂದೇ ಅರ್ಥ ಕೊಡುವ ಗೆರೆಯೊಂದು ಇಲ್ಲಿ ದೊರೆಯಿತು. ಬ್ರೆಕ್ಸಿಟ್ ಕಾಗದಪತ್ರಗಳಲ್ಲಿ ಇಷ್ಟು ಅಚ್ಚುಕಟ್ಟಾದ ವಾಕ್ಯಗಳು ಹೆಚ್ಚಿಲ್ಲ. ಜಪಾನಿನೊಂದಿಗಿನ ಒಪ್ಪಂದ ಈ ಗೆರೆಯ ಮೇಲೇ ನಡೆಯಿತು: 2020ರ ಅಕ್ಟೋಬರ್ 23ರಂದು ಸಹಿ, 2021ರ ಜನವರಿ 1ರಂದು ಜಾರಿ.

ಹಾಗೆಂದು ಎಲ್ಲವೂ ಮುಕ್ತವಾಗಿರಲಿಲ್ಲ. ಅದೇ ವಿಧಿಯ 3ನೇ ಉಪವಿಧಿಯು ಒಕ್ಕೂಟದ ಹಿತಕ್ಕೆ ಧಕ್ಕೆ ತರಬಹುದಾದ ಕ್ರಮಗಳಿಂದ ದೂರವಿರುವಂತೆ ಬ್ರಿಟನ್ನನ್ನು ಕಟ್ಟಿಹಾಕಿತ್ತು. ಅವಧಿಯನ್ನು ಒಂದೆರಡು ವರ್ಷ ವಿಸ್ತರಿಸುವ ಅವಕಾಶವನ್ನು 132ನೇ ವಿಧಿ ಕೊಟ್ಟಿತ್ತಾದರೂ ಬ್ರಿಟನ್ ಅದನ್ನು ಬಳಸಲಿಲ್ಲ.

ಸ್ವಿಟ್ಜರ್ಲೆಂಡಿನೊಂದಿಗಿನ ಒಪ್ಪಂದಕ್ಕೆ 2019ರಲ್ಲೇ ಸಹಿಯಾಗಿದ್ದು ಹೇಗೆ?

ಒಕ್ಕೂಟದ ಸುಮಾರು 40 ವ್ಯಾಪಾರ ಒಪ್ಪಂದಗಳ ಪ್ರಯೋಜನ ಹೊರಬಂದ ಕೂಡಲೇ ಬ್ರಿಟನ್ನಿಗೆ ತಪ್ಪಿಹೋಗುವುದಿತ್ತು. ಅವನ್ನೇ ಹೆಚ್ಚುಕಡಿಮೆ ನಕಲು ಮಾಡಿ ಮುಂದುವರಿಸುವ ಒಪ್ಪಂದಗಳನ್ನು ಅದು ಸಿದ್ಧಪಡಿಸಿತು. ಚಿಲಿಯೊಂದಿಗೆ 2019ರ ಜನವರಿ 30ರಂದು, ಸ್ವಿಟ್ಜರ್ಲೆಂಡಿನೊಂದಿಗೆ ಬರ್ನ್ ನಗರದಲ್ಲಿ ಫೆಬ್ರವರಿ 11ರಂದು ಸಹಿಯಾಯಿತು. ಎರಡೂ ಸಂದರ್ಭಗಳಲ್ಲಿ ಬ್ರಿಟನ್ ಇನ್ನೂ ಪೂರ್ಣ ಸದಸ್ಯ. ಗ್ರೀಸ್ ತೀರ್ಪನ್ನು ಅಕ್ಷರಶಃ ಹಿಡಿದರೆ ಇವನ್ನು ಸಮರ್ಥಿಸುವುದು ಕಷ್ಟ. ಆದರೆ ಒಕ್ಕೂಟದ ಒಪ್ಪಂದ ಬ್ರಿಟನ್ನಿಗೆ ಅನ್ವಯಿಸುವುದು ನಿಂತ ಮೇಲೆಯೇ ಇವು ಜಾರಿಗೆ ಬರಬೇಕಿದ್ದವು, ಹೊಸ ರಿಯಾಯಿತಿಗಳಿಗಿಂತ ಇದ್ದ ವ್ಯವಸ್ಥೆಯನ್ನು ಕಾಯ್ದುಕೊಳ್ಳುವುದೇ ಇವುಗಳ ಗುರಿಯಾಗಿತ್ತು. ಒಕ್ಕೂಟ ತಕರಾರನ್ನು ನ್ಯಾಯಾಲಯಕ್ಕೆ ಒಯ್ಯಲಿಲ್ಲ. ಮುಂದೆ ಬೇರೊಂದು ದೇಶ ಹೊರಡುವುದಾದರೆ ಈ ಮೌನವನ್ನೇ ಪೂರ್ವನಿದರ್ಶನವೆಂದು ಅದು ಮುಂದಿಡಬಹುದು.

ನಿರ್ಬಂಧವನ್ನು ಮುರಿದು ಸಹಿ ಹಾಕಿದ್ದರೆ ಆ ಒಪ್ಪಂದ ಅಸಿಂಧುವಾಗುತ್ತಿತ್ತೇ?

ತಾನಾಗಿಯೇ ಅಸಿಂಧುವಾಗುತ್ತಿರಲಿಲ್ಲ ಎಂಬುದೇ ಹೆಚ್ಚು ಸರಿಯಾದ ಉತ್ತರ. ಒಡಂಬಡಿಕೆಗಳ ಕಾನೂನು ಕುರಿತ 1969ರ ವಿಯೆನ್ನಾ ಒಡಂಬಡಿಕೆಯ 46ನೇ ವಿಧಿಯ ಪ್ರಕಾರ, ಒಪ್ಪಂದ ಮಾಡಿಕೊಳ್ಳುವ ಅಧಿಕಾರದ ಬಗ್ಗೆ ತನ್ನ ಆಂತರಿಕ ಕಾನೂನನ್ನು ಮುರಿದೆನೆಂದು ಹೇಳಿ ದೇಶವೊಂದು ಒಪ್ಪಂದದಿಂದ ನುಣುಚಿಕೊಳ್ಳುವಂತಿಲ್ಲ. ಮುರಿದದ್ದು ಮೂಲಭೂತ ನಿಯಮವಾಗಿದ್ದು, ಉಲ್ಲಂಘನೆ ಎದುರಿನವರಿಗೂ ಕಣ್ಣಿಗೆ ಹೊಡೆಯುವಂತಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಒಕ್ಕೂಟದ ಕಾನೂನನ್ನು ಇಲ್ಲಿ ಆಂತರಿಕ ಕಾನೂನು ಎನ್ನಬಹುದೇ ಎಂಬುದೇ ಚರ್ಚಾಸ್ಪದ. ಹೀಗಾಗಿ ಹೊರದೇಶಕ್ಕೆ ಕೊಟ್ಟ ಮಾತು ಒಂದು ಕಡೆ, ಒಕ್ಕೂಟಕ್ಕೆ ಕೊಟ್ಟ ಮಾತು ಇನ್ನೊಂದು ಕಡೆ ಎಳೆಯುವ ಸ್ಥಿತಿ ಬರುತ್ತಿತ್ತು.

ಒಕ್ಕೂಟದ ಕಡೆಯಿಂದ ಕಾರ್ಯವಿಧಾನದ ಒಡಂಬಡಿಕೆಯ 258ನೇ ವಿಧಿಯಡಿ ಆಯೋಗ ಮೊಕದ್ದಮೆ ಹೂಡಬಹುದಿತ್ತು, ತೀರ್ಪನ್ನು ಪಾಲಿಸದಿದ್ದರೆ 260ನೇ ವಿಧಿಯಡಿ ದಂಡ ವಿಧಿಸಲು ಕೇಳಬಹುದಿತ್ತು. ಇಂಥ ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ, ಅಷ್ಟರಲ್ಲಿ ಬ್ರಿಟನ್ ಹೊರಗಿರುತ್ತಿತ್ತು ಎನ್ನುವವರು ನಿರ್ಗಮನ ಒಪ್ಪಂದದ 87ನೇ ವಿಧಿಯನ್ನೂ ನೋಡಬೇಕು. ಪರಿವರ್ತನಾ ಅವಧಿ ಮುಗಿಯುವ ಮೊದಲು ನಡೆದ ಉಲ್ಲಂಘನೆಗಳ ಬಗ್ಗೆ ಆ ಅವಧಿ ಮುಗಿದ ನಾಲ್ಕು ವರ್ಷಗಳವರೆಗೂ ಮೊಕದ್ದಮೆ ಹೂಡಲು ಅದು ಅವಕಾಶ ಕೊಟ್ಟಿತ್ತು.

ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳೂ ಮಿತಿ ಹಾಕಿದವೇ?

ಹಾಕಿದವು, ಮತ್ತು ಇದರ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಲಿಲ್ಲ. ಬ್ರಿಟನ್ ಆ ಸಂಸ್ಥೆಯ ಸದಸ್ಯನಾಗಿದ್ದರೂ ಅದರ ಸುಂಕದ ವಾಗ್ದಾನಗಳು ಒಕ್ಕೂಟದ ಪಟ್ಟಿಯೊಳಗೇ ಸೇರಿಹೋಗಿದ್ದವು. ದರಗಳನ್ನು ನಕಲು ಮಾಡುವುದು ಸುಲಭ. ಕಡಿಮೆ ಸುಂಕದಲ್ಲಿ ಇಷ್ಟೇ ಪ್ರಮಾಣ ಆಮದು ಎಂದು ನಿಗದಿಯಾದ ಕೋಟಾಗಳನ್ನು ಹಂಚಿಕೊಳ್ಳುವುದು ಸುಲಭವಲ್ಲ. ನ್ಯೂಜಿಲೆಂಡಿನ ಕುರಿಮಾಂಸಕ್ಕೆ ಇಡೀ ಒಕ್ಕೂಟದಲ್ಲಿ ವರ್ಷಕ್ಕೆ ಸುಮಾರು 2,28,000 ಟನ್ ಕೋಟಾ ಇತ್ತು. ಅದನ್ನು ಬ್ರಿಟನ್ ಮತ್ತು ಒಕ್ಕೂಟ ಹತ್ತಿರ ಹತ್ತಿರ ಅರ್ಧರ್ಧ ಮಾಡಿಕೊಂಡವು. ಒಟ್ಟು ಪ್ರಮಾಣ ಕಡಿಮೆಯಾಗಲಿಲ್ಲವಲ್ಲ ಎಂದು ಎರಡೂ ಕಡೆಯವರು ಕೇಳಿದರು. ನ್ಯೂಜಿಲೆಂಡಿನ ಆಕ್ಷೇಪ ಬೇರೆಯಿತ್ತು: ಲಂಡನ್ನಿನಲ್ಲಿ ಬೇಡಿಕೆ ಕುಸಿದ ವರ್ಷ ಅದೇ ಮಾಂಸವನ್ನು ಪ್ಯಾರಿಸ್ಸಿಗೆ ತಿರುಗಿಸುವ ಸ್ವಾತಂತ್ರ್ಯಕ್ಕೂ ಒಂದು ಬೆಲೆಯಿದೆ, ಅದು ಈ ಹಂಚಿಕೆಯಲ್ಲಿ ಹೋಯಿತು. ಅಮೆರಿಕ, ಬ್ರೆಜಿಲ್, ಕೆನಡಾ ಸಹಿತ ಏಳು ದೇಶಗಳು 2017ರ ಸೆಪ್ಟೆಂಬರ್‌ನಲ್ಲೇ ಪತ್ರ ಬರೆದು ಈ ಹಂಚಿಕೆಯನ್ನು ಆಕ್ಷೇಪಿಸಿದ್ದವು.

ಇದರಿಂದ ಹೊರದೇಶಗಳ ಸಂಧಾನಕಾರರಿಗೆ ಒಂದು ನಿಜ ಮನದಟ್ಟಾಯಿತು. ಬ್ರಿಟನ್ನಿನ ಮೂಲ ಸುಂಕವೇನು, ಒಕ್ಕೂಟದ ಮಾರುಕಟ್ಟೆಗೆ ಅದರ ಪ್ರವೇಶ ಎಷ್ಟು ಎಂಬುದು ಗೊತ್ತಾಗುವ ತನಕ ಅದರಿಂದ ಪಡೆಯುವ ರಿಯಾಯಿತಿಯ ಬೆಲೆ ಕಟ್ಟಲು ಸಾಧ್ಯವಿರಲಿಲ್ಲ. ಕಾನೂನಿನ ನಿಷೇಧ ಇಲ್ಲದಿದ್ದರೂ ಯಾವ ವಿವೇಕಿ ದೇಶವೂ 2017ರಲ್ಲಿ ಬ್ರಿಟನ್ನಿನೊಂದಿಗೆ ಅಂತಿಮ ಒಪ್ಪಂದಕ್ಕೆ ಬರುತ್ತಿರಲಿಲ್ಲ ಎಂದೇ ನನ್ನ ತೀರ್ಮಾನ.

ಬ್ರಿಟನ್ನಿನ ಒಳಗಿನ ಕಾನೂನಿನಲ್ಲಿ ಮಿತಿಗಳಿದ್ದವೇ?

ಅಷ್ಟಾಗಿ ಇರಲಿಲ್ಲ. 50ನೇ ವಿಧಿಯ ನೋಟಿಸಿಗೆ ಸಂಸತ್ತಿನ ಕಾಯ್ದೆ ಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿ 24ರಂದು ಮಿಲ್ಲರ್ ಪ್ರಕರಣದಲ್ಲಿ ಹೇಳಿತಾದರೂ, ವ್ಯಾಪಾರ ಸಂಧಾನ ನಡೆಸುವ ಅಧಿಕಾರ ಸರ್ಕಾರದ ಕೈಯಲ್ಲೇ ಉಳಿಯಿತು. 2010ರ ಕಾಯ್ದೆಯಡಿ ಒಪ್ಪಂದವನ್ನು ಸ್ಥಿರೀಕರಣಕ್ಕೆ ಮೊದಲು 21 ಅಧಿವೇಶನ ದಿನಗಳ ಕಾಲ ಸಂಸತ್ತಿನ ಮುಂದೆ ಇಡಬೇಕು, ಅಷ್ಟೆ.

ಹಿಂದೆ ಇಂಥ ನಿದರ್ಶನವಿತ್ತೇ?

ಗ್ರೀನ್‌ಲ್ಯಾಂಡ್ 1985ರಲ್ಲಿ ಆಗಿನ ಐರೋಪ್ಯ ಸಮುದಾಯದಿಂದ ಹೊರಬಂತು. ಆದರೆ ಅದು ಡೆನ್ಮಾರ್ಕಿನ ಭಾಗವಾಗಿದ್ದು, ಸದಸ್ಯ ರಾಷ್ಟ್ರವೊಂದು ಪೂರ್ತಿಯಾಗಿ ಹೊರಟ ಪ್ರಸಂಗವಲ್ಲ. 50ನೇ ವಿಧಿಯೂ ಆಗ ಇರಲಿಲ್ಲ.

ಭಾರತದೊಂದಿಗಿನ ಒಪ್ಪಂದ ಯಾವಾಗ ಕಾನೂನುಬದ್ಧವಾಗಿ ಸಾಧ್ಯವಾಯಿತು?

ಸಂಧಾನಕ್ಕೂ ಸಹಿಗೂ 2020ರ ಫೆಬ್ರವರಿಯಿಂದ, ಜಾರಿಗೆ 2021ರ ಜನವರಿಯಿಂದ ದಾರಿ ತೆರೆದಿತ್ತು. ಔಪಚಾರಿಕ ಸಂಧಾನ ಆರಂಭವಾದದ್ದು 2022ರ ಜನವರಿ 13ರಂದು. 2025ರ ಮೇ 6ರಂದು ಅದು ಮುಗಿದು, ಜುಲೈ 24ರಂದು ಸಹಿಯಾಯಿತು. ಕಾನೂನಿನ ತಡೆ ಸರಿದ ಮೇಲೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹಿಡಿದದ್ದು ಮದ್ಯದ ಸುಂಕ, ಮೋಟಾರು ವಾಹನಗಳು, ಉದ್ಯೋಗಿಗಳ ಸಾಮಾಜಿಕ ಭದ್ರತೆಯ ವಂತಿಗೆ ಮುಂತಾದ ಎಂದಿನ ವ್ಯಾಪಾರ ಜಟಾಪಟಿಗಳಿಂದ.

ಈಗ ಬ್ರಿಟನ್ ಯಾರೊಂದಿಗೆ ಏನು ಬೇಕಾದರೂ ಒಪ್ಪಿಕೊಳ್ಳಬಹುದೇ?

ಕಾನೂನಿನ ಅಧಿಕಾರವಿದೆ, ಆದರೆ ಎರಡು ಕಟ್ಟುಗಳನ್ನು ಮರೆಯಬಾರದು. ಉತ್ತರ ಐರ್ಲೆಂಡ್ ಬ್ರಿಟನ್ನಿನ ಕಸ್ಟಮ್ಸ್ ಪ್ರದೇಶದಲ್ಲೇ ಇದ್ದರೂ, ನಿರ್ಗಮನ ಒಪ್ಪಂದಕ್ಕೆ ಸೇರಿದ ಉತ್ತರ ಐರ್ಲೆಂಡ್ ಪ್ರೋಟೊಕಾಲ್ ಮತ್ತು ಅದನ್ನು ಮಾರ್ಪಡಿಸಿದ 2023ರ ವಿಂಡ್ಸರ್ ಚೌಕಟ್ಟಿನ ಪ್ರಕಾರ ಅಲ್ಲಿ ಸರಕುಗಳಿಗೆ ಸಂಬಂಧಿಸಿದ ಒಕ್ಕೂಟದ ಹಲವು ನಿಯಮಗಳು ಅನ್ವಯಿಸುತ್ತವೆ. ಅಲ್ಲಿಂದ ಒಕ್ಕೂಟದೊಳಕ್ಕೆ ಸಾಗುವ ಅಪಾಯವಿರುವ ಸರಕಿಗೆ ಒಕ್ಕೂಟದ ಸುಂಕವೇ ಬೀಳುತ್ತದೆ, ಬ್ರಿಟನ್ ಹೊರದೇಶಕ್ಕೆ ಯಾವ ರಿಯಾಯಿತಿ ಕೊಟ್ಟಿದ್ದರೂ ಸರಿ.

ಎರಡನೆಯದು ಆಹಾರ ಮತ್ತು ಸಸ್ಯ ಸುರಕ್ಷತೆಗೆ ಸಂಬಂಧಿಸಿದ್ದು. ಗಡಿ ತಪಾಸಣೆಗಳನ್ನು ತಗ್ಗಿಸಲು ಈ ಕ್ಷೇತ್ರದಲ್ಲಿ ಒಪ್ಪಂದವೊಂದನ್ನು ಮಾಡಿಕೊಳ್ಳುವುದಾಗಿ 2025ರ ಮೇ 19ರ ಶೃಂಗಸಭೆಯಲ್ಲಿ ಬ್ರಿಟನ್ ಮತ್ತು ಒಕ್ಕೂಟ ಹೇಳಿದವು. ಅದರಡಿ ಒಕ್ಕೂಟದ ನಿಯಮಗಳು ಬದಲಾದಂತೆ ಬ್ರಿಟನ್ನಿನ ನಿಯಮಗಳೂ ಬದಲಾಗಬೇಕಾಗುತ್ತದೆ. ಹಾಗಾದಾಗ ಕೀಟನಾಶಕದ ಉಳಿಕೆ ಎಷ್ಟಿರಬಹುದು, ಯಾವ ಮಾಂಸವನ್ನು ಒಳಬಿಡಬಹುದು ಎಂಬಂಥ ವಿಷಯಗಳಲ್ಲಿ ಮೂರನೇ ದೇಶವೊಂದು ವಿಶೇಷ ಸಡಿಲಿಕೆ ಕೇಳಿದರೆ, ಒಕ್ಕೂಟದ ನಿಯಮಕ್ಕೆ ಹೊಂದದ ಯಾವುದನ್ನೂ ಬ್ರಿಟನ್ ಕೊಡಲಾರದು.